ಹೊಸದುರ್ಗದ ಇಳುಕಲಿನಲ್ಲಿ ಎತ್ತಪ್ಪ ಕೂಗಿದ್ದು

"ಎತ್ತಪ್ಪ ಕೈ ಎತ್ತಿದ ಅಂದ್ರೆ ಆಸ್ಪತ್ರೆಯೋರು ಹಾಸಿಗೆ ಹಾಸಿ ಇಟ್ಕಂಡಿರ್ಬೇಕು ಕಣ್ರವ್ವ," ಅನ್ನುತ್ತಿದ್ದಳು ಎದುರುಮನೆಯ ಹನುಮಮ್ಮ. ಬಬ್ಬೂರಿನಾಚೆಯ ಆ ಹಟ್ಟಿಯಲ್ಲಿ ಇನ್ನೊಂದು ಮಾತೂ ಓಡಾಡುತ್ತಿತ್ತು. ಎತ್ತಪ್ಪನನ್ನು ಹೊಡೆದು ದಕ್ಕಿಸಿಕೊಂಡವರು ಇಬ್ಬರೇ, ಒಬ್ಬ ಅವನಪ್ಪ, ಇನ್ನೊಬ್ಬಳು ಹೆಂಡತಿ ಯಲ್ಲಕ್ಕ. ಮದುವೆಯಾದ ವರ್ಷ ಅವನು ಹೆಂಡತಿಯ ಕೆನ್ನೆಗೆ ಒಂದು ಬಿಟ್ಟಿದ್ದ. ಯಲ್ಲಕ್ಕ ಒಲೆಯ ಮುಂದಿನಿಂದ ಎದ್ದು ಬಂದು, ಬಿಸಿ ಹಿಟ್ಟು ಮೆತ್ತಿಕೊಂಡಿದ್ದ ಮುದ್ದೆಕೋಲಿನಿಂದಲೇ ಅವನ ಮೊಣಕಾಲಿಗೆ ಬಾರಿಸಿದಳು. ಕುಂಟುತ್ತ ಹೋಗಿ ಲಾರಿ ಹತ್ತಿದವನು ಆಮೇಲೆ ಮನೆಯೊಳಗೆ ಕೈ ಎತ್ತಿದ್ದಿಲ್ಲ. ಹೊರಗೆ ಎತ್ತುತ್ತಲೇ ಇದ್ದ.

ಕುರಿ ಕಾಯುವ ಮನೆತನ. ತಾತ, ಅಪ್ಪ, ಅಣ್ಣಂದಿರು ಎಲ್ಲರೂ ಕಂಬಳಿ ಹೊದ್ದು ಮಂದೆಯ ಹಿಂದೆ ನಡೆದವರು. ಎತ್ತಪ್ಪನೂ ಮೀಸೆ ಮೂಡುವ ತನಕ ನಡೆದ. ಆಮೇಲೆ ಹೆದ್ದಾರಿ ಅವನನ್ನು ಎಳೆದುಕೊಂಡಿತು. ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರದ ಕರೀಂ ಸಾಬರು ಲಾರಿ ಇಟ್ಟಿದ್ದರು. ಅವರಲ್ಲಿ ಸೇರಿ, ಗಾಜು ಒರೆಸಿ, ಟೈರು ಬಡಿದು, ಡ್ರೈವರ್ ಆದ.

ಹೊಸದರಲ್ಲಿ ಒಮ್ಮೆ ಹೊಳಲ್ಕೆರೆಯ ಮಂಡಿಯಲ್ಲಿ ಅಡಿಕೆ ಮೂಟೆ ಇಳಿಸುವ ಸರದಿಗೆ ಜಗಳವೆದ್ದು, ಬೇರೆ ಲಾರಿಯವರು ಅವನನ್ನು ಕೆಡವಿಕೊಂಡು ತುಳಿದರು. ಮುಂದಿನ ಹಲ್ಲೆರಡು ಅಲ್ಲೇ ಮಣ್ಣಿಗೆ ಬಿದ್ದವು. "ನಾನೇನೂ ಮಾಡ್ಲಿಲ್ಲ ಸಾಬ್ರೇ, ಸುಮ್ನೆ ನಿಂತಿದ್ದೆ," ಎಂದು ಅತ್ತ. ಕರೀಂ ಸಾಬರು ಅವನ ಬಾಯಿಗೆ ತಮ್ಮ ಟವೆಲ್ ಒತ್ತಿ, "ಸುಮ್ನೆ ನಿಂತಿದ್ದೇ ತಪ್ಪಾಯ್ತಲ್ಲಪ್ಪ," ಅಂದರು. ಅಳುವವನನ್ನು ನಗಿಸಲು ಅಂದ ಮಾತು. ಎತ್ತಪ್ಪ ಅದನ್ನು ಗುರೂಪದೇಶದಂತೆ ಕಟ್ಟಿಕೊಂಡ. ಅಲ್ಲಿಂದ ಮುಂದೆ ಎಲ್ಲಿ ಜಗಳ ಮೊಳೆತರೂ ಮೊದಲ ಏಟು ಅವನದೇ. ಚಿತ್ರದುರ್ಗದ ಬೈಪಾಸಿನಲ್ಲಿ ಗಾಜಿಗೆ ಕೈ ಹಾಕಿದವನ ಬೆರಳನ್ನು ಬಾಗಿಲಿನ ಸಂದಿಯಲ್ಲಿ ಜಜ್ಜಿದ. ಢಾಬಾದಲ್ಲಿ ಯಾರೋ ತಾಯಿಯ ಹೆಸರೆತ್ತಿದ್ದಕ್ಕೆ ಕುದಿಯುವ ಸಾರಿನ ಪಾತ್ರೆಯನ್ನೇ ಎತ್ತಿ ಸುರಿದ.

ಇಂಥವನನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದವರಿಗೆ ಸಾಬರು ಅಂಗಳ ತೋರಿಸುತ್ತಿದ್ದರು. ಹುಣಸೆಮರದ ಕೆಳಗೆ ಅವರ ಎರಡು ಲಾರಿ ಓಡಿಸುವವರಿಲ್ಲದೆ ನಿಂತಿದ್ದವು. ಟೈರಿಗೆ ಬಳ್ಳಿ ಹಬ್ಬಿತ್ತು. ಒಂದರ ಕ್ಯಾಬಿನ್ನಿನಲ್ಲಿ ಮನೆಯ ಕೋಳಿ ಮೊಟ್ಟೆ ಇಡುತ್ತಿತ್ತು. "ಡ್ರೈವರ್ ಅಂದ್ರೆ ಯಾರೂ ಹೆಣ್ಣು ಕೊಡಲ್ಲ ಅಂತ ಹುಡುಗರೆಲ್ಲ ಸ್ಟೇರಿಂಗ್ ಬಿಟ್ರು. ಉಳಿದಿರೋನು ಇವನೊಬ್ಬ. ಇವನನ್ನೂ ಬಿಡಿಸಿ ನಾನೇ ಓಡಿಸ್ಲಾ? ಕಣ್ಣು ಕಾಣಲ್ಲ ನಂಗೆ," ಅನ್ನುತ್ತಿದ್ದರು.

ಅಂಥ ಹೊತ್ತಿನಲ್ಲಿ ಡೀಸೆಲ್ಲೂ ಸಿಗದಾಯಿತು. ಎಲ್ಲೋ ಯುದ್ಧವಂತೆ, ಎಲ್ಲೋ ಹಡಗು ನಿಂತಿದೆಯಂತೆ. ಹಿರಿಯೂರಿನ ಬಂಕುಗಳ ಮುಂದೆ ಲಾರಿಗಳ ಸಾಲು ಊರು ದಾಟಿ ಹೋಯಿತು. ಡ್ರೈವರುಗಳು ಚಕ್ರಕ್ಕೆ ಒರಗಿ ಕೂತು ಬೀಡಿ ಸೇದುವುದು, ಬಂಕಿನವನನ್ನು ಬೈಯುವುದು, ಇಳುಕಲು ಬಂದಲ್ಲೆಲ್ಲ ಎಂಜಿನ್ ಆರಿಸಿ ಲಾರಿಯನ್ನು ಹಾಗೇ ಉರುಳಲು ಬಿಟ್ಟು ಎಷ್ಟು ಉಳಿಸಿದೆವೆಂದು ಜಂಬ ಕೊಚ್ಚುವುದು, ಇದೇ ಆಯಿತು.

ಒಂದು ಬೆಳಿಗ್ಗೆ ಎತ್ತಪ್ಪ ಆ ಸಾಲಿನಲ್ಲಿದ್ದ. ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿತ್ತು. ಅವನ ಸರದಿ ಬರುವ ಹೊತ್ತಿಗೆ ಯಾವನೋ ಅಪರಿಚಿತ ನುಗ್ಗಿ ಬಂದು ಪಂಪಿಗೆ ಕ್ಯಾನು ಒಡ್ಡಿ ತುಂಬಿಸತೊಡಗಿದ.

"ಲೇ, ಸಾಲು ಕಾಣ್ಸಲ್ವೇನಲೇ?"

"ಒಂದು ಕ್ಯಾನಣ್ಣ. ಅರ್ಜೆಂಟೈತೆ."

"ನಮ್ಗೇನು ಇಲ್ಲಿ ಬೀಗರೂಟಕ್ಕೆ ಕೂರ್ಸಿದಾರಾ? ಹಿಂದಕ್ಕೋಗು."

"ನಿಮ್ಮಪ್ಪನ ಬಂಕೇನಯ್ಯ?"

ಆ ಮಾತು ಮುಗಿಯುವಷ್ಟರಲ್ಲಿ ಎತ್ತಪ್ಪನ ಕೈಯಲ್ಲಿದ್ದ ವೀಲ್ ಸ್ಪ್ಯಾನರ್ ಅವನ ಮುಂಗೈ ಮೇಲೆ ಇಳಿದಿತ್ತು. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಕ್ಯಾನು ಉರುಳಿ, ಆಗಷ್ಟೇ ತುಂಬಿದ್ದ ಡೀಸೆಲ್ ಸಿಮೆಂಟಿನ ಮೇಲೆ ಹರಿಯಿತು. ಬಿದ್ದವನ ನರಳಾಟ ಕೇಳುವವರಿಲ್ಲದೆ, ಸುತ್ತ ನಿಂತವರು "ಅಯ್ಯೋ ಡೀಸೆಲ್ಲು, ಡೀಸೆಲ್ಲು" ಎಂದು ಬಾಯಿ ಬಡಿದುಕೊಂಡರು.

ಬಿದ್ದವನ ಹೆಸರು ಅಸದ್. ಚಿತ್ರದುರ್ಗದವನು. ಊರೂರು ಹುಡುಕಿ ಕರೀಂ ಸಾಬರು ಅವತ್ತೇ ಕೆಲಸಕ್ಕೆ ಸೇರಿಸಿಕೊಂಡಿದ್ದ ಹೊಸ ಡ್ರೈವರ್! ಹುಣಸೆಮರದ ಕೆಳಗಿನ ಲಾರಿಯನ್ನು ಹೊರಡಿಸಲು ಅವರೇ ಅವನ ಕೈಗೆ ಕ್ಯಾನು ಕೊಟ್ಟು ಕಳಿಸಿದ್ದರು.

ಸಾಬರ ಮಗ ಮುಝಫರ್ ತಲೆ ಮೇಲೆ ಕೈ ಹೊತ್ತ. "ದರ್ಗಾಕ್ಕೆ ಹರಕೆ ಹೊತ್ತು ತಂದ ಡ್ರೈವರ್ ಕಣಣ್ಣ ಅವನು. ಇಡೀ ಜಿಲ್ಲೇಲಿ ಮುರಿಯಾಕೆ ನಿಂಗೆ ಬೇರೆ ಕೈಯೇ ಸಿಗ್ಲಿಲ್ವಾ?"

ಸಾಬರು ಬೈಯಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. "ಹೊಸದುರ್ಗದಲ್ಲಿ ಕಾಯಿ ಲೋಡಿಗೆ ರೆಡಿಯಾಗಿ ಕುಂತೈತೆ ಎತ್ತಪ್ಪ. ಅಸದ್ ಹೋಗ್ಬೇಕಿತ್ತು. ಈಗ ನೀನೇ ಹೋಗು. ಇರೋ ಡೀಸೆಲ್ಲಲ್ಲೇ ಹೆಂಗಾದ್ರೂ ಮಾಡಿ ಬಾ," ಅಂದರು. ನಿದ್ದೆಗೆಟ್ಟ ಕಣ್ಣಲ್ಲೇ ಅವನು ಲಾರಿ ಹತ್ತಿದ.

ಕಾಯಿ ತುಂಬಿಕೊಂಡು ಮರಳುವಾಗ ಬಿಸಿಲು ವಾಲಿತ್ತು. ಹೊಸದುರ್ಗ ದಾಟಿ ಗುಡ್ಡದ ಇಳುಕಲು ಬಂದಾಗ, ಎಲ್ಲರೂ ಮಾಡುವಂತೆ ಎತ್ತಪ್ಪನೂ ಎಂಜಿನ್ ಆರಿಸಿದ. ಲಾರಿ ಸದ್ದಿಲ್ಲದೆ ಉರುಳಿತು. ತಿರುವು ದಾಟುತ್ತಲೇ ಎದುರಿಗೆ ರಸ್ತೆ ತುಂಬ ಕುರಿ.

ಬ್ರೇಕ್ ಒತ್ತಿದ. ದೊಡ್ಡ ಲಾರಿಯ ಬ್ರೇಕು, ಹಾರ್ನು ಎರಡಕ್ಕೂ ಗಾಳಿಯೇ ಜೀವ. ಎಂಜಿನ್ ನಿಂತರೆ ಗಾಳಿ ತುಂಬುವುದಿಲ್ಲ, ತಿರುವುಗಳಲ್ಲಿ ಒತ್ತಿ ಒತ್ತಿ ಇದ್ದದ್ದೂ ಬರಿದಾಗಿತ್ತು. ಬ್ರೇಕು ಮೆತ್ತಗಾಗಿ ಒಳಗೆ ಹೋಯಿತು. ಹಾರ್ನ್ ಉಸ್ಸೆಂದು ಸುಮ್ಮನಾಯಿತು. ಚಾವಿ ತಿರುಗಿಸಿದ. ತಳ ಕಂಡಿದ್ದ ಟ್ಯಾಂಕು, ಎಂಜಿನ್ ಕೆಮ್ಮಿತು, ಹಿಡಿಯಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಆಗ ಅವನೊಳಗಿನ ಡ್ರೈವರ್ ಸತ್ತು ಕುರಿಯವನ ಮಗ ಎದ್ದ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಎದೆಯೊಡೆಯುವ ಹಾಗೆ ಕೂಗಿದ. "ಟ್ರ್ರ್ರೋ... ಹೋಯ್! ಟ್ರ್ರ್ರೋ... ಹೋಯ್!" ದಾರಿ ಬಿಟ್ಟು ಚದುರಿ ಎಂದು ಅವನ ಹಟ್ಟಿಯ ಕುರಿಗಳಿಗೆ ಹೇಳುವ ಕೂಗು ಅದು.

ಕುರಿಗಳು ಕಿವಿ ನಿಮಿರಿಸಿದವು. ತಿರುಗಿದವು. ತಿರುಗಿ, ಒಂದರ ಬೆನ್ನ ಮೇಲೊಂದು ಹತ್ತಿಕೊಂಡು ಲಾರಿಯ ಕಡೆಗೇ ಓಡಿಬಂದವು.

ಅವುಗಳ ಹಿಂದೆಯೇ ಕೋಲು ಬೀಸುತ್ತ ಕುರಿಯ ಒಡೆಯ ಓಡಿಬಂದ. ಮಂಜಣ್ಣ ಅವನ ಹೆಸರು. ಲಾರಿ ಮಂದೆಯ ಮೇಲೂ ಅವನ ಮೇಲೂ ಹಾದು ಬಂಡೆಗೆ ಗುದ್ದಿ ನಿಂತಿತು. ಕಾಯಿಗಳು ರಸ್ತೆಯುದ್ದಕ್ಕೂ ಉರುಳಿದವು, ರಕ್ತದಲ್ಲಿ ಹೊರಳಿ ಕೆಂಪಾದವು. ಮಂಜಣ್ಣನ ಮಗಳು ದೀಪಾ ಮಂದೆಯ ಮುಂದೆ ನಡೆಯುತ್ತಿದ್ದವಳು, ನಿಂತಲ್ಲೇ ನಿಂತು ಬಾಯಿ ತೆರೆದಿದ್ದಳು.

ಕ್ಯಾಬಿನ್ನಿನ ಬಾಗಿಲು ತೆಗೆದು ಒಬ್ಬ ಹತ್ತಿ ಬಂದ. ಎತ್ತಪ್ಪನ ಕೈಗೆ ಹಳೆಯ ಪಾಠ ಮರೆತಿರಲಿಲ್ಲ, ಅದು ತಾನಾಗಿ ಎದ್ದು ಬಂದವನ ಮುಖಕ್ಕೆ ಅಪ್ಪಳಿಸಿತು. ಅವನು ಹಲ್ಲು ಉಗುಳುತ್ತ ಕೆಳಗೆ ಬಿದ್ದ. ಅವನು ಮಂಜಣ್ಣನ ತಮ್ಮ, ಅಣ್ಣನ ಹೆಣ ಕಂಡು ಬಂದವನು.

ಆಮೇಲೆ ಹೊಲಗಳಿಂದ ಜನ ನುಗ್ಗಿದರು. ಎತ್ತಪ್ಪನನ್ನು ಕಾಲು ಹಿಡಿದು ಎಳೆದು ಹಾಕಿದರು. ಕೋಲು, ಚಪ್ಪಲಿ ಸಾಲದೆ ಉರುಳಿ ಬಿದ್ದ ತೆಂಗಿನಕಾಯಿಗಳನ್ನೇ ಎತ್ತಿ ಎತ್ತಿ ಬಡಿದರು. ಒಂದು ಕಾಯಿ ಎಡಗಣ್ಣನ್ನು ಒಳಕ್ಕೆ ತಳ್ಳಿತು. ಪಕ್ಕೆ ಮುರಿಯಿತು, ಬೆರಳುಗಳು ಜಜ್ಜಿ ಹೋದವು. ಬಡಿಯುವವರು ಕೊಲೆಗಾರ ಎನ್ನುತ್ತಿರಲಿಲ್ಲ. "ಕುರಿ ಕಳ್ಳ! ಕುರಿ ಕಳ್ಳ!" ಎನ್ನುತ್ತಿದ್ದರು. ಅದೇ ಅವನಿಗೆ ತಿಳಿಯದೆ ಹೋಯಿತು.

ಆಸ್ಪತ್ರೆ, ಪೊಲೀಸು, ಜಾಮೀನು ಎಲ್ಲ ಆಗಿ ಮನೆಗೆ ಬಂದ ಎತ್ತಪ್ಪನಿಗೆ ಒಂದೇ ಕಣ್ಣು. ಅವನಿಗಿಂತ ಮೊದಲೇ ಆ ಹೆಸರು ಹಟ್ಟಿಗೆ ಬಂದು ಕೂತಿತ್ತು. ಲಾರಿ ನಿಲ್ಲಿಸಿ, ಕುರಿಯನ್ನು ಕೂಗಿ ಕರೆದು, ತುಂಬಿಕೊಂಡು ಹೋಗಲು ನೋಡಿದನಂತೆ ಎಂದು. ಲಾರಿಯಲ್ಲಿ ಬಂದು ಕುರಿ ಕದಿಯುವವರು ಆ ಕಡೆ ಇದ್ದೇ ಇದ್ದರು. ಅವನು ಬೀದಿಯಲ್ಲಿ ಬಂದರೆ ಹನುಮಮ್ಮ ಮರಿಯನ್ನು ಒಳಗೆ ಕಟ್ಟಿದಳು. ದೇವರ ಗುಡಿಯಲ್ಲಿ ಪೂಜಾರಿ ಎಲ್ಲರಿಗೂ ಅರಿಸಿನದ ಭಂಡಾರ ಹಚ್ಚಿ ಇವನ ಹಣೆಯನ್ನು ದಾಟಿ ಮುಂದೆ ಹೋದ. ಕೊಂದವನೆಂದಷ್ಟೇ ಅಂದಿದ್ದರೆ ತಲೆ ತಗ್ಗಿಸಿ ಇದ್ದುಬಿಡುತ್ತಿದ್ದ. ಕುರಿಯವರ ಹಟ್ಟಿಯಲ್ಲಿ ಹುಟ್ಟಿ ಕುರಿ ಕದ್ದವನೆನಿಸಿಕೊಂಡು ಬದುಕುವುದು ಹೇಗೆ?

"ನಾನು ಕರೀಲಿಲ್ಲ ಕಣೇ," ಎಂದ ಯಲ್ಲಕ್ಕನಿಗೆ. "ಓಡ್ಸಿದೆ. ಟ್ರ್ರ್ರೋ ಹೋಯ್ ಅಂದೆ. ಅವ್ಕೇನು ದೆವ್ವ ಬಡೀತೋ, ನನ್ನ ಮೇಲೇ ಬಂದ್ವು."

ಹಿಟ್ಟು ಕಲೆಸುತ್ತಿದ್ದ ಯಲ್ಲಕ್ಕನ ಕೈ ನಿಂತಿತು. ಅವಳ ತವರು ಹೊಸದುರ್ಗದ ಕಡೆಯದು.

"ಏನಂದೆ?"

"ಟ್ರ್ರ್ರೋ ಹೋಯ್."

"ಅಯ್ಯೋ ನನ್ನ ಶಿವನೇ," ಎಂದಳು. "ನಮ್ಮ ಕಡೆ ಹಂಗಂದ್ರೆ ಬಾ ಅಂತ ಕಣಯ್ಯ. ಉಪ್ಪು ತೋರಿಸಿ ಹಂಗೇ ಕರಿಯಾದು. ಮದ್ವೆಯಾಗಿ ಬಂದ ಹೊಸ್ತರಲ್ಲಿ ನಾನು ಹಂಗೆ ಕರೆದ್ರೆ ನಿಮ್ಮ ಕುರಿಯೆಲ್ಲ ದಿಕ್ಕಾಪಾಲಾಗಿ ಓಡಿದ್ವು. ನೀನೂ ನಿಮ್ಮಣ್ಣಂದಿರೂ ಬಿದ್ದು ಬಿದ್ದು ನಗ್ತಿದ್ರಿ. ಮರ್ತ್ಯಾ?"

ಮರೆತಿದ್ದ. ನೆನಪಾದದ್ದೇ ತಡ, ಗೋಡೆಗೆ ಹಣೆ ಚಚ್ಚಿಕೊಂಡ. ಯಲ್ಲಕ್ಕ ಕೂದಲು ಹಿಡಿದು ಎಳೆಯುವ ತನಕ ಚಚ್ಚಿಕೊಂಡ.

"ಹೋಗಿ ಹೇಳ್ಬೇಕು. ಆ ಹುಡುಗಿಗೆ ಹೇಳ್ಬೇಕು."

ಹೇಳಲು ಹೋಗುವುದೆಂದರೆ ಎಲ್ಲಿಗೆಂದು ಇಬ್ಬರಿಗೂ ಗೊತ್ತಿತ್ತು. ಇವನು ತಮ್ಮ ಗಡಿಯೊಳಗೆ ಕಾಲಿಟ್ಟರೆ ಕಡಿದು ಹಾಕುತ್ತೇನೆಂದು ಮಂಜಣ್ಣನ ತಮ್ಮ ಆಗಲೇ ಹೇಳಿ ಕಳಿಸಿದ್ದ.

ಮುಝಫರ್ ಬೈಕಿನಲ್ಲಿ ಬಂದ. ಜಗಲಿಯ ಮೇಲೆ ಕೂತು ಹಣ್ಣಿನ ಚೀಲ ಇಟ್ಟು, ಆ ಮಾತು ಈ ಮಾತು ಆಡಿ, ಕೊನೆಗೆ ಬಾಯಿಬಿಟ್ಟ. "ನಮ್ಮ ಅಬ್ಬಾ ಕೇಳ್ಕೊಂಡು ಬಾ ಅಂದ್ರು ಎತ್ತಪ್ಪಣ್ಣ. ಪಕ್ಕೆ ಕೂಡಿದ್ಮೇಲೆ ಬರ್ತೀಯಾ ಅಂತ. ಒಂದು ಕಣ್ಣಾದ್ರೂ ಪರ್ವಾಗಿಲ್ಲ, ಚಿಕ್ಕ ದಾರಿ ಕೊಡ್ತೀವಿ."

ಎತ್ತಪ್ಪನಿಗೆ ಆಸ್ಪತ್ರೆ ಬಿಟ್ಟ ಮೇಲೆ ಮೊದಲ ಸಲ ನಗು ಬಂತು. ಪಕ್ಕೆ ಹಿಡಿದುಕೊಂಡು ನಕ್ಕ. "ಅಷ್ಟು ಬರಗಾಲ ಬಂತೇನಪ್ಪ ಡ್ರೈವರ್‌ಗೆ? ಅಸದ್ ಕೈ ಕೂಡಿದ್ರೆ ಅವ್ನಿಗೇ ಕೊಡ್ರಿ. ಎತ್ತಪ್ಪ ಬೈದಿದ್ದಕ್ಕೆ, ಹೊಡೆದಿದ್ದಕ್ಕೆ ತಪ್ಪಾಯ್ತು ಅಂದ ಅಂತ ಹೇಳು. ನಂಗೆ ಒಂದು ಕಡೆ ಹೋಗೋದೈತೆ."

ಅವನು ಹೋದ ಕಡೆ, ಮಂಜಣ್ಣನ ಮನೆಯಲ್ಲಿ, ನಡೆದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ದೀಪಾ ಪೊಲೀಸರ ಮುಂದೆ ಹೇಳಿದ್ದು, ಆಮೇಲೆ ಬಬ್ಬೂರಿನ ಹಟ್ಟಿಗೇ ಬಂದು ಯಲ್ಲಕ್ಕನ ಎದುರು ಹೇಳಿದ್ದು ಇದು. ಎತ್ತಪ್ಪ ಅವರ ಅಂಗಳದಲ್ಲಿ ಕೈಮುಗಿದು ನಿಂತು ಎಲ್ಲವನ್ನೂ ಹೇಳಿದ. ದೀಪಾ ನಂಬಲಿಲ್ಲ. "ಹೆಂಗೆ ಕೂಗ್ದೆ, ಈಗ ಕೂಗು," ಎಂದಳು. ಮುರಿದ ಪಕ್ಕೆಯನ್ನು ಒತ್ತಿಕೊಂಡು ಅವನು ಕೂಗಿದ. ಉಳಿದಿದ್ದ ಕುರಿಗಳು ರೊಪ್ಪದ ಮುಳ್ಳುಬೇಲಿಗೆ ಎದೆ ಕೊಟ್ಟು ಅವನ ಕಡೆ ನುಗ್ಗಿದವು. "ನಮ್ಮಲ್ಲಿ ಇದಕ್ಕೆ ಓಡೋಗ್ತಾವೆ ಕಣವ್ವ, ನಿಮ್ಮಪ್ಪನ್ನ ಉಳಿಸಾಕೆ ಕೂಗ್ದೆ," ಎಂದ. ಅವನ ಒಂದೇ ಕಣ್ಣಿನಲ್ಲಿ ನೀರಿಳಿಯುವುದನ್ನು ಆ ಹುಡುಗಿ ನೋಡಿದಳು. "ಇವ್ನು ಕಳ್ಳ ಅಲ್ಲ ಚಿಕ್ಕಪ್ಪ," ಎಂದು ತಿರುಗಿದಳು. ಅಣ್ಣನನ್ನು ಚಕ್ರದಡಿಗೆ ಕರೆದ ಆ ಕೂಗು ಇನ್ನೊಮ್ಮೆ ಕಿವಿಗೆ ಬಿದ್ದದ್ದೇ ಚಿಕ್ಕಪ್ಪ ಸೊಪ್ಪು ಕಡಿಯುವ ಕೊಡಲಿ ಎತ್ತಿಯಾಗಿತ್ತು. ಎತ್ತಪ್ಪ ನೋಡಿದ. ಕೈ ಎತ್ತಲಿಲ್ಲ. ಏಟು ಕುತ್ತಿಗೆಗೂ ಭುಜಕ್ಕೂ ನಡುವೆ ಬಿತ್ತು, ಎರಡನೆಯದು ತಲೆಗೆ. ಹೆಣ ಹಟ್ಟಿಗೆ ಬಂದಾಗ ಪೂಜಾರಿ ತಾನೇ ಮುಂದೆ ಬಂದು ಹಣೆಗೆ ಭಂಡಾರ ಹಚ್ಚಿದ. ಹನುಮಮ್ಮ ಎದೆ ಎದೆ ಬಡಿದುಕೊಂಡು ಅತ್ತಳು.

ಅಲ್ಲಿಗೆ ಹೋಗಲು ಅವನು ಮನೆ ಬಿಟ್ಟದ್ದು ಸೋಮವಾರ, ಹೊತ್ತೇರಿದ ಮೇಲೆ.

ಯಲ್ಲಕ್ಕ ಮುದ್ದೆ ಮಾಡಿ ಹುರುಳಿ ಸಾರು ಬಡಿಸಿದಳು. ಉಣ್ಣದೆ ಹೋಗಬೇಡ ಎಂದು ಎದುರಿಗೇ ಕೂತಳು. ಜಜ್ಜಿದ ಬೆರಳಿನಲ್ಲಿ ಮುದ್ದೆ ಮುರಿಯಲು ಬಾರದೆ, ಅವಳೇ ತುತ್ತು ಮಾಡಿ ಮಾಡಿ ಇಟ್ಟಳು.

"ನಾನೂ ಬತ್ತೀನಿ. ಅವ್ರೆಲ್ಲ ನಮ್ಮ ಕಡೆ ಜನ. ನನ್ನ ಮಾತು ಕೇಳ್ತಾರೆ."

"ಬ್ಯಾಡ. ನಿನ್ನ ಮುಂದೆ ಹೊಡೆಸ್ಕಳಾಕೆ ನಾಚ್ಕೆ ಆಯ್ತದೆ."

"ನಾನು ಹೊಡ್ದಾಗ ಆಗ್ಲಿಲ್ವಾ?"

"ಅವತ್ತು ಆಗಿದ್ದಕ್ಕೇ ಅಲ್ವೇನೇ ಇಷ್ಟು ವರ್ಷ ತೆಪ್ಪಗಿದ್ದದ್ದು."

ಅವಳು ಕೈ ತೊಳೆದು ಎದ್ದಳು. ಬಿಳಿ ಅಂಗಿ ತಂದು ತೋಳು ಹಾಕಿಸಿ, ಗುಂಡಿ ಹಾಕಿದಳು. ಅವನು ಬಾಗಿಲ ಚೌಕಟ್ಟು ಹಿಡಿದು, ಪಕ್ಕೆ ನೋಯದ ಹಾಗೆ ಒಂದೊಂದೇ ಕಾಲು ಹೊರಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ಕಡೆ ನಡೆದ.

ಅಂಗಿಯ ಗುಂಡಿ ಒಂದು ತೂತು ಮೇಲೆ ಕೆಳಗಾಗಿದ್ದು, ಒಂದು ಮಗ್ಗುಲು ಜೋತುಬಿದ್ದಿದ್ದು ಯಲ್ಲಕ್ಕನಿಗೆ ಕಂಡದ್ದು ಅವನು ಅಷ್ಟು ದೂರ ಹೋಗಿ ಬಸ್ಸಿಗೆ ಕೈ ತೋರುವಾಗ. ಹೊರಟವರನ್ನು ಹಿಂದಿನಿಂದ ಕೂಗಬಾರದು. ಬಾಯಿಗೆ ಬಂದ ಹೆಸರನ್ನು ಸೆರಗಿನಿಂದ ಒತ್ತಿ ಹಿಡಿದು ಅವಳು ನಿಂತಳು. ಬಸ್ಸು ನಿಂತಿತು. ಕಂಡಕ್ಟರ್ ಅವನ ರಟ್ಟೆ ಹಿಡಿದು ಮೇಲೆ ಎಳೆದುಕೊಂಡ.