ಡಿಸ್ಕ್ ಮುಟ್ಟದ ಮಾತು

ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷ. ಅಂಕಿ ಸರ್ವರ್ ಕೋಣೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೇಬಲ್ಲುಗಳ ತುದಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದ. ಏಳನೆಯ ಚೀಟಿ ಕೇಬಲ್ಲಿಗೆ ಅಂಟುವ ಬದಲು ಬೆರಳಿಗೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಪೆಟ್ಟಿಗೆ ಒಮ್ಮೆ ಕೀಚ್ ಎಂದಿತು, ಎರಡನೆಯ ಸಲ ಅರ್ಧಕ್ಕೇ ನಿಂತಿತು. ಫ್ಯಾನುಗಳು ನಿಧಾನವಾಗಿ ಸುತ್ತುವುದನ್ನು ಬಿಟ್ಟವು. ಆರು ವರ್ಷಗಳಲ್ಲಿ ಆ ಕೋಣೆ ಅಷ್ಟು ಸುಮ್ಮನಾಗಿದ್ದನ್ನು ಅವನು ಕಂಡಿರಲಿಲ್ಲ.

ಗೋಡೆಯ ಆಚೆ, ಮೂರನೆಯ ಗೂಡಿನಲ್ಲಿ, ಅವನ ಅಕ್ಕ ಓದುತ್ತಿದ್ದಳು.

ಅಂಕಿ ಎಂಬುದು ಸಂಸ್ಥೆಯವರು ಇಟ್ಟ ಹೆಸರು. "ಊಟ ಆಯ್ತಾ?" ಎಂದು ಕೇಳಿದರೆ "ಒಂದೂ ಹತ್ತಕ್ಕೆ" ಎನ್ನುವ ಮನುಷ್ಯನಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಸಂಸ್ಥೆ ಅದು. ಸದ್ದು ನುಗ್ಗದಂತೆ ದಪ್ಪ ಬಟ್ಟೆ ಹೊಡೆದ ಆರು ಪುಟ್ಟ ಗೂಡುಗಳು, ಪ್ರತಿಯೊಂದರ ಬಾಗಿಲ ಮೇಲೆ ಒಂದು ಕೆಂಪು ದೀಪ. ದೀಪ ಉರಿಯುತ್ತಿದ್ದರೆ ಯಾರೂ ಒಳಗೆ ಕಾಲಿಡುವಂತಿಲ್ಲ. ಆರು ಗೂಡುಗಳ ಧ್ವನಿಯೂ ಒಂದೇ ಹಳೆಯ ಸರ್ವರಿಗೆ ಬಂದು ಬೀಳುತ್ತಿತ್ತು. ಅದನ್ನು ನೋಡಿಕೊಳ್ಳುವುದು ಅಂಕಿಯ ಕೆಲಸ.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅವನ ಆರನೆಯ ವಯಸ್ಸಿಗೆ ಅಮ್ಮ ಹೋದಮೇಲೆ ಅವನಿಗೆ ತುತ್ತಿಟ್ಟವಳು, ತಲೆ ಬಾಚಿದವಳು, ಬೆನ್ನಿಗೆ ಗುದ್ದಿದವಳು ಎಲ್ಲ ಅವಳೇ. ಬೆಳಗ್ಗೆ ಔಷಧಿ ಅಂಗಡಿಯ ಕೆಲಸ, ಮಧ್ಯಾಹ್ನ ಮೂರರಿಂದ ಇಲ್ಲಿ ಓದು. ಒಂಬತ್ತು ವರ್ಷಗಳಲ್ಲಿ ಮೂವತ್ತೊಂದು ಪುಸ್ತಕ ಓದಿದ್ದಳು.

ಆ ವರ್ಷದ ಆರಂಭದಲ್ಲಿ ಧ್ವನಿ ಮುಗ್ಗರಿಸತೊಡಗಿತು. ಆರೂ ಗೂಡುಗಳಲ್ಲಿ ಒಟ್ಟಿಗೆ ಓದು ನಡೆದರೆ ವಾಕ್ಯದ ನಡುವೆ ಚಿಟ್ ಎಂದು ಒಂದು ಅಕ್ಷರ ಮಾಯವಾಗುತ್ತಿತ್ತು. ಅಂಕಿ ಮೂರು ದಿನ ಹುಡುಕಿದ. ಕೊನೆಗೆ ಸಿಕ್ಕಿದ್ದು ಕರ್ನೆಲ್‌ನಲ್ಲಿ, ಅಂದರೆ ಯಂತ್ರದೊಳಗೆ ಯಾರ ಕೆಲಸ ಯಾವಾಗ ಎಂದು ಹಂಚಿಕೊಡುವ ಮೂಲ ತಂತ್ರಾಂಶದಲ್ಲಿ. ಬಂದ ಧ್ವನಿ ಮೊದಲು ಮೆಮೊರಿಯಲ್ಲಿ ಕೂರುತ್ತದೆ. ಆಮೇಲೆ ಡಿಸ್ಕಿಗೆ ಇಳಿಯುತ್ತದೆ. ಕರೆಂಟು ಹೋದರೆ ಮೆಮೊರಿಯಲ್ಲಿದ್ದದ್ದು ಹೋಯಿತು, ಡಿಸ್ಕಿನಲ್ಲಿದ್ದದ್ದು ಉಳಿಯಿತು. ಅಂಕಿಗಿಂತ ಮುಂಚೆ ಇದ್ದವನು ಪುಕ್ಕಲ. ಒಂದು ಸೆಕೆಂಡಿಗಿಂತ ಹಳೆಯದೆಲ್ಲ ಕೂಡಲೇ ಡಿಸ್ಕಿಗೆ ಇಳಿಯಬೇಕು ಎಂದು ಇಟ್ಟಿದ್ದ. ಹಳೆಯ ಡಿಸ್ಕು ಆರು ಜನರ ಮಾತನ್ನು ಹಾಗೆ ಚೂರುಚೂರಾಗಿ ಬರೆದುಕೊಳ್ಳುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಅಂಕಿ ಆ ಒಂದು ಸೆಕೆಂಡನ್ನು ಮೂವತ್ತು ಮಾಡಿದ. ಧ್ವನಿ ಎಣ್ಣೆ ಸುರಿದಂತೆ ಹರಿಯಿತು. ಓದುವವರು ಬೆನ್ನು ತಟ್ಟಿದರು. ಹೇಗೂ ಬ್ಯಾಟರಿ ಪೆಟ್ಟಿಗೆಯಿದೆ, ಹತ್ತು ನಿಮಿಷ ತಡೆಯುತ್ತದೆ ಎಂಬ ಧೈರ್ಯ ಅವನದು. ಆ ಹತ್ತು ನಿಮಿಷವನ್ನು ಅವನು ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಓದಿದ್ದ. ಪ್ಲಗ್ ಕಿತ್ತು ನೋಡಿರಲಿಲ್ಲ. ಎಲ್ಲವನ್ನೂ ಅಳೆಯುವವನು ಅದೊಂದನ್ನು ಅಳೆದಿರಲಿಲ್ಲ.

ಮಳೆಯಿಲ್ಲ, ಗಾಳಿಯಿಲ್ಲ, ಸುಮ್ಮನೆ ಕರೆಂಟು ಹೋದ ಆ ಸಂಜೆ ಅಕ್ಕನ ಕೊನೆಯ ಓದು. ಗಂಟಲ ಗೆಡ್ಡೆಯೊಂದಿಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ವೈದ್ಯರು ಹೇಳಿದ್ದರು. ಆಪರೇಷನ್ ಮರುದಿನ ಬೆಳಗ್ಗೆ ಎಂಟಕ್ಕೆ. ಹಿಡಿದ ಪುಸ್ತಕ ಮುಗಿಸದೆ ಏಳುವುದಿಲ್ಲ ಎಂದು ಹಟ ಹಿಡಿದು ಬಂದಿದ್ದಳು.

ಕತ್ತಲಾದ ಕಾರಿಡಾರಿನಲ್ಲಿ ಅವಳು ಚೀಲ ಹೆಗಲಿಗೇರಿಸಿಕೊಂಡು ಬಂದಳು. ಧ್ವನಿ ಆಗಲೇ ಗೊಗ್ಗರಾಗಿತ್ತು.

"ಮುಗೀತಪ್ಪ. ನಾನು ಆಸ್ಪತ್ರೆಗೆ ಹೋಗ್ತೀನಿ, ಅಡ್ಮಿಟ್ ಮಾಡ್ಕೋಬೇಕಂತೆ. ನೀನು ಕೊನೇ ನಿಮಿಷ ಕೇಳ್ತೀಯಲ್ಲ ಯಾವಾಗ್ಲೂ, ಇವತ್ತೂ ಕೇಳು. ಆಯ್ತಾ?"

"ಕೇಳ್ತೀನಿ ಹೋಗು. ಹತ್ತು ಹೆಜ್ಜೆಗೆ ಮೆಟ್ಟಿಲಿದೆ, ಹುಷಾರು."

"ಹನ್ನೊಂದು," ಎಂದಳು ಅವಳು, ನಗುತ್ತ.

ಪ್ರತಿಯೊಂದು ಧ್ವನಿಕಡತದ ಕೊನೆಯ ನಿಮಿಷ ಕೇಳಿ, ಸರಿಯಾಗಿ ಮುಚ್ಚಿದೆಯೇ ನೋಡುವುದು ಅವನ ಅಭ್ಯಾಸ. ಅದನ್ನೇ ಹೇಳುತ್ತಿದ್ದಾಳೆ ಎಂದುಕೊಂಡ. ಕರೆಂಟು ಬಂದಮೇಲೆ ಡಿಸ್ಕಿನ ತಪಾಸಣೆ ಮುಗಿಯುವಷ್ಟರಲ್ಲಿ ಸಂಸ್ಥೆಯ ಬಾಗಿಲು ಹಾಕುವ ಹೊತ್ತಾಗಿತ್ತು. ನಾಳೆ ಕೇಳಿದರಾಯಿತು ಎಂದು ಆಸ್ಪತ್ರೆಗೆ ಓಡಿದ. ಆ ಸಂಜೆ ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು, ಏನೋ ಕೇಳಬೇಕೆನ್ನುವಂತೆ. ಅವನು ಹಾಸಿಗೆಯ ಎತ್ತರ ಸರಿಮಾಡಿ ಬಂದ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಕೇಳಿದ. ಪುಸ್ತಕದ ಕೊನೆಯ ವಾಕ್ಯ ಇತ್ತು. ಪುಸ್ತಕ ಮುಚ್ಚಿದ ಸದ್ದು ಇತ್ತು. ಒಂದು ಉಸಿರು. ಆಮೇಲೆ ಓದುವ ಧ್ವನಿಯಲ್ಲ, ಮನೆಯ ಧ್ವನಿ: "ಏ ತಮ್ಮಾ, ಎದುರಿಗೆ ಹೇಳೋಕೆ ಬಾಯೇ ಬರಲ್ಲ ನಂಗೆ. ಅದಕ್ಕೇ ಇಲ್ಲಿ—"

ಅಷ್ಟೇ. ಕರೆಂಟಿನಿಂದ ನಡೆಯುವ ಗೂಡಿನ ಗೋಡೆಗಡಿಯಾರ ನಿಂತ ಹೊತ್ತಿಗೂ ಕಡತ ಮುಗಿದ ಹೊತ್ತಿಗೂ ಅಂಕಿ ವ್ಯತ್ಯಾಸ ತೆಗೆದ. ಮೂವತ್ಮೂರು ಸೆಕೆಂಡು. ಆ ಹೊತ್ತಿಗೆ ಅಕ್ಕ ಆಪರೇಷನ್ ಕೋಣೆಯಿಂದ ಹೊರಗೆ ಬಂದಾಗಿತ್ತು.

ಅವಳು ಕೂರುವಂತಾದ ದಿನವೇ ಅದರ ಬಗ್ಗೆ ಅವಳನ್ನು ಕೇಳಿದ. ಅವಳು ಸ್ಲೇಟು ಎಳೆದುಕೊಂಡು ಬರೆದಳು: "ನಿನ್ನ ಬಗ್ಗೆ ಒಳ್ಳೇದು ಹೇಳಿದ್ದೆ. ಯಂತ್ರಕ್ಕೇ ತಡ್ಕೊಳ್ಳೋಕಾಗ್ಲಿಲ್ಲ."

"ತಮಾಷೆ ಬೇಡ ಅಕ್ಕ. ಏನು ಹೇಳ್ದೆ? ಬರಿ."

ಅವಳು ಬಳಪ ಹಿಡಿದಳು. ಎರಡು ಅಕ್ಷರ ಬರೆದು ಅಂಗೈಯಲ್ಲಿ ಉಜ್ಜಿದಳು. "ಕೈಗೆ ಬರ್ತಿಲ್ಲ ಕಣೋ," ಎಂದು ಬರೆದಳು. ಅವನು ಮತ್ತೆ ಕೇಳಲಿಲ್ಲ.

ಅವಳ ಧ್ವನಿ ಬೇಕಾದಷ್ಟಿತ್ತು, ನಾನೂರ ಹನ್ನೆರಡು ಗಂಟೆಗಳಷ್ಟು. ಆದರೆ ಅದೆಲ್ಲ ಪುಸ್ತಕದವರ ಮಾತು. ಸಂಕಲನ ಮಾಡುವವನನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು; ಓದುವವರ ಕೆಮ್ಮು, ಹಾಳೆ ಮಗುಚುವ ಸದ್ದು, ನಡುವೆ ಆಡಿದ ಮಾತು ಎಲ್ಲ ತೆಗೆದು, ಮೂಲ ಕಡತ ಅಳಿಸಿಬಿಡುವುದು ಅವನ ಕೆಲಸ. ಅಂಕಿ ರಾಜಕುಮಾರಿಯರು, ನಾವಿಕರು, ವಿಜ್ಞಾನಿಗಳು ಅಕ್ಕನ ಧ್ವನಿಯಲ್ಲಿ ಮಾತಾಡುವುದನ್ನು ಗಂಟೆಗಟ್ಟಲೆ ಕೇಳಿದ. ಅಕ್ಕ ಮಾತ್ರ ಎಲ್ಲೂ ಮಾತಾಡಲಿಲ್ಲ.

ಅವನು ಮೂವತ್ತನ್ನು ಮತ್ತೆ ಒಂದು ಮಾಡಿದ. ಧ್ವನಿ ಮತ್ತೆ ಮುಗ್ಗರಿಸಿತು. ಐದನೆಯ ಗೂಡಿನ ನಿವೃತ್ತ ಮೇಷ್ಟ್ರು ಬಂದು, "ಏನಯ್ಯಾ, ನನ್ನ ಪಾಠಕ್ಕೆ ಬಿಕ್ಕಳಿಕೆ ಹತ್ತಿದೆಯಲ್ಲ," ಎಂದರು. "ಉಳಿಯುತ್ತಲ್ಲ ಸಾರ್, ಹೋಗಲ್ಲ," ಎಂದ ಅಂಕಿ. ಇಬ್ಬರು ಓದುವವರು ಬರುವುದನ್ನೇ ಬಿಟ್ಟರು. ಮೇಲ್ವಿಚಾರಕಿ ಎರಡು ಸಲ ಕರೆದು ಹೇಳಿದರು. ಅವನು ಜಗ್ಗಲಿಲ್ಲ.

ಆ ಬದಲಾವಣೆಯ ಹನ್ನೊಂದನೆಯ ದಿನ ಅಕ್ಕನೇ ಬಂದಳು, ಕತ್ತಿಗೆ ಬಟ್ಟೆ ಸುತ್ತಿಕೊಂಡು, ಕಂಕುಳಲ್ಲಿ ಸ್ಲೇಟು. ಮೇಷ್ಟ್ರು ಹೇಳಿಕಳಿಸಿದ್ದರು. ಅವರ ಒಂದು ಅಧ್ಯಾಯವನ್ನು ಕಿವಿಗೆ ಹಾಕಿಕೊಂಡು ಪೂರ್ತಿ ಕೇಳಿದಳು. ಆಮೇಲೆ ಬಳಪ ಮುರಿಯುವಷ್ಟು ಒತ್ತಿ ಬರೆದಳು: "ನನ್ನ ಅರ್ಧ ನಿಮಿಷಕ್ಕೆ ಎಲ್ಲರ ಬಾಯಿಗೂ ಬೀಗ ಹಾಕ್ತೀಯಾ?"

"ಇನ್ನೊಬ್ಬರದು ಹೀಗೇ ಹೋದ್ರೆ?"

"ನಮ್ಮ ಓದು ಕೇಳೋರು ಯಾರು?" ಎಂದು ಬರೆದಳು. ಒರೆಸಿ ಮತ್ತೆ: "ಪುಸ್ತಕಕ್ಕೇ ಕಾಯ್ತಿರೋರು. ಅವರ ಅಕ್ಷರ ನುಂಗಬೇಡ."

ಅವನು ಸರ್ವರಿನ ಮುಂದೆ ಕೂತ. ಅವಳು ಹಿಂದೆ ನಿಂತಳು, ಚಿಕ್ಕಂದಿನಲ್ಲಿ ಅವನ ಮಗ್ಗಿ ಪರೀಕ್ಷೆಗೆ ನಿಲ್ಲುತ್ತಿದ್ದಂತೆ. ಐದಕ್ಕೆ ಇಟ್ಟು ಆರೂ ಗೂಡು ನಡೆಸಿ ನೋಡಿದ, ಒಮ್ಮೆ ಮುಗ್ಗರಿಸಿತು. ಎಂಟಕ್ಕೆ ಇಟ್ಟ, ಇಲ್ಲ. ಸುರಕ್ಷತೆಗೆಂದು ಇನ್ನೆರಡು ಸೇರಿಸಿ ಹತ್ತು ಮಾಡಿದ. ಹೊಸ ಬ್ಯಾಟರಿ ತರಿಸಿ, ಪ್ಲಗ್ಗನ್ನು ಕೈಯಾರೆ ಕಿತ್ತು, ಗಡಿಯಾರ ಹಿಡಿದು ಕೂತ. ಹದಿನಾಲ್ಕು ನಿಮಿಷ ಬಂತು. ಪ್ರತಿ ತಿಂಗಳ ಮೊದಲ ದಿನ ಇನ್ನೂ ಕಿತ್ತು ನೋಡುತ್ತಾನೆ.

ಅದೇ ವಾರ ಕತ್ತರಿ ಅವನನ್ನು ತನ್ನ ಮೇಜಿಗೆ ಕರೆದ. "ನಿಮ್ಮಕ್ಕನ ಒಂದು ಮೂಲ ಕಡತ ಉಳಿದುಬಿಟ್ಟಿದೆ ಮಾರಾಯ. ನೀನು ಒಂದನ್ನು ಮೂವತ್ತು ಮಾಡಿದ್ಯಲ್ಲ, ಆ ದಿನದ್ದು. ಸೋಮಾರಿತನ ಮಾಡಿದ್ದೆ. ಕೇಳು, ಆಮೇಲೆ ಬೈಯಿ."

ಆ ದಿನ ಅಂಕಿ ಸಂಭ್ರಮದಲ್ಲಿ ಕೆಂಪು ದೀಪವನ್ನೂ ನೋಡದೆ ಮೂರನೆಯ ಗೂಡಿಗೆ ನುಗ್ಗಿದ್ದ. ಈಗ ಅದೇ ಬಾಗಿಲು ಕಿವಿಯಲ್ಲಿ ಕಿರ್ ಎಂದಿತು.

"ಏಯ್! ದೀಪ ಕಾಣ್ಲಿಲ್ವಾ ಕಣ್ಣಿಗೆ? ಎಲ್ಲಾ ರೆಕಾರ್ಡ್ ಆಗ್ತಿದೆ, ಮಂಗ."

"ಸರಿಹೋಯ್ತು ಅಕ್ಕ! ಒಟ್ಟಿಗೆ ಕೂಡಿಸಿಟ್ಟು ಬರೆಯೋ ಹಾಗೆ ಮಾಡ್ದೆ."

"ಅಂದ್ರೆ ಲೋಟ ಒಂದೊಂದೇ ತೊಳೆಯೋ ಬದಲು ಸಿಂಕಲ್ಲಿ ರಾಶಿ ಹಾಕಿ ತೊಳಿಯೋದು. ನಿನ್ನ ಹಳೇ ಚಾಳಿ." ಅವಳು ನಕ್ಕಳು, ನಗು ಕೆಮ್ಮಾಯಿತು. "ಮಧ್ಯೆ ಕರೆಂಟ್ ಹೋದ್ರೋ? ನಾನಾಡಿದ್ದು ಎಷ್ಟು ಹೋಗುತ್ತೆ, ಅದು ಹೇಳು."

ಅಂಕಿ ಕಣ್ಣು ಮುಚ್ಚಿದ. ಹತ್ತೊಂಬತ್ತು ಸೆಕೆಂಡು ಅವಳ ಸ್ವಂತ ಮಾತು, ಅವನಿಗೇ ಆಡಿದ್ದು. ಅದನ್ನು ಆಮೇಲೆ ಮೂರು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟ. ಈಗಲೂ ಕೇಬಲ್ಲಿಗೆ ಚೀಟಿ ಅಂಟಿಸುವಾಗ ಹಾಕಿಕೊಳ್ಳುತ್ತಾನೆ, ಆದರೆ ಅವಳ ಪ್ರಶ್ನೆ ಮುಗಿದೊಡನೆ ನಿಲ್ಲಿಸಿಬಿಡುತ್ತಾನೆ. ಅಂದು ಮೊದಲ ಸಲ ನಿಲ್ಲಿಸಲು ಗೊತ್ತಾಗಲಿಲ್ಲ. ಧ್ವನಿ ಮೆಮೊರಿಯಲ್ಲಿ ಕಾಯುವುದು ಮೂವತ್ತು ಸೆಕೆಂಡು, ಅದು ಮುಗಿದದ್ದನ್ನು ಗಮನಿಸಲು ಯಂತ್ರ ಏಳುವುದು ಐದು ಸೆಕೆಂಡಿಗೊಮ್ಮೆ. ಎರಡನ್ನೂ ಮನಸ್ಸಿನಲ್ಲೇ ಕೂಡಿಸಿದ ತನ್ನದೇ ಧ್ವನಿ, ಚೂರೂ ಅಳುಕಿಲ್ಲದೆ, ಹೆಮ್ಮೆಯಿಂದ ಹೇಳುತ್ತಿತ್ತು:

"ಅಯ್ಯೋ, ಎಷ್ಟು ಮಹಾ? ಹೆಚ್ಚೂಂದ್ರೆ ಮೂವತ್ತೈದು ಸೆಕೆಂಡು."