ಸಾಮಿ ಬಂದವ್ರೆ

ದೇವರು ತಮ್ಮ ಪಕ್ಕದಲ್ಲೇ ಇದ್ದಾರೆ ಎಂದು ನಗುನಗುತ್ತಾ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. ತಾಳವಾಡಿಯಿಂದ ನನ್ನ ಹತ್ತಿರ ರವಿಕೆ ಹೊಲಿಸಲು ಬರುವ ಒಬ್ಬರಿದ್ದಾರೆ. ಸತ್ಯಮಂಗಲದ ಬಸ್ಸಿನಲ್ಲಿ ಸೀಟು ಸಿಕ್ಕರೆ ದೇವರೇ ಜಾಗ ಹಿಡಿದಿಟ್ಟಿದ್ದರು ಅನ್ನುತ್ತಾರೆ, ಸಾರಿಗೆ ಉಪ್ಪು ಹದವಾದರೆ ದೇವರೇ ಕೈ ಹಿಡಿದರು ಅನ್ನುತ್ತಾರೆ. ಅಳತೆ ತೆಗೆಯುವಾಗ ನನ್ನ ಬಾಯಲ್ಲಿ ಗುಂಡುಪಿನ್ನು ಇರುತ್ತದೆ, ಅವರ ಪುಣ್ಯ. ಇಲ್ಲದಿದ್ದರೆ ಕೇಳಿಯೇ ಬಿಡುತ್ತಿದ್ದೆ: ಅಷ್ಟು ಹತ್ತಿರ ಬಂದರೆ ನಿಮಗೆ ಹೆದರಿಕೆಯಾಗುವುದಿಲ್ಲವೇ?

ನನಗೆ ಆಗುತ್ತದೆ. ನಾನೂ ಹುಟ್ಟಿದಂದಿನಿಂದ ಕ್ರೈಸ್ತಳೇ. ಭಾನುವಾರ ತಪ್ಪಿಸಿದವಳಲ್ಲ. ಆದರೆ ದೇವರು ಹತ್ತಿರ ಬಂದಿದ್ದಾರೆ ಅನ್ನಿಸಿದಾಗ ಕತ್ತಿನ ಹಿಂದೆ ಕೂದಲು ನಿಮಿರುತ್ತದೆ, ಕೈಯಲ್ಲಿದ್ದ ಕತ್ತರಿ ತಾನಾಗಿ ನಿಲ್ಲುತ್ತದೆ. ಇದಕ್ಕೆ ಕಾರಣ ನನ್ನ ಅವ್ವ, ಮತ್ತು ನಮ್ಮ ಕಡೆಯವರು ಆಡುವ ಒಂದು ಮಾತು.

ನಮ್ಮ ಮನೆ ಜೀರಹಳ್ಳಿಯಿಂದ ಆಚೆ, ಊರಿನ ತುದಿಯಲ್ಲಿ. ಬಾಗಿಲು ತೆರೆದರೆ ಅಂಗಳ, ಅಂಗಳದಲ್ಲೊಂದು ನುಗ್ಗೆಮರ, ಅದನ್ನು ದಾಟಿದರೆ ಬೇರೆಯವರ ಮೆಕ್ಕೆಜೋಳದ ಹೊಲ, ಅದರಾಚೆ ಕಾಡು. ಅಪ್ಪನ ಮುಖ ನನಗೆ ನೆನಪಿಲ್ಲ. ಅವ್ವ ಆ ಹೊಲಗಳಲ್ಲಿ ಕಳೆ ಕಿತ್ತು, ತೆನೆ ಮುರಿದು ನನ್ನನ್ನು ಸಾಕಿದಳು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಆನೆಯನ್ನು ಆನೆ ಅನ್ನುವುದಿಲ್ಲ. ಅಂದರೆ ಬಂದುಬಿಡುತ್ತದೆ ಎಂದು ಭಯ. ಸಾಮಿ ಅನ್ನಬೇಕು. ಕೊರಳಿಗೆ ಲಿಂಗ ಕಟ್ಟಿದ ಹೊಲದೊಡೆಯರೂ ಹಾಗೇ ಅನ್ನುತ್ತಾರೆ, ಅವರ ಹೊಲದ ಕೂಲಿಯವರೂ ಹಾಗೇ. ಶಿಲುಬೆ ಹಾಕಿಕೊಂಡ ನಾವೂ ಹಾಗೇ ಅನ್ನುತ್ತಿದ್ದೆವು. ತೊಂದರೆ ಏನೆಂದರೆ, ಊರಿಗೆ ಪೂಜೆ ಅರ್ಪಿಸಲು ಬರುವ ಪಾದ್ರಿಗಳೂ ನಮಗೆ ಸಾಮಿ, ಮೇಲಿರುವ ದೇವರೂ ಸಾಮಿ. "ಸಾಮಿ ಬಂದವ್ರೆ" ಎಂದು ಅವ್ವ ಹೇಳಿದರೆ, ಕೋಳಿ ಹಿಡಿಯಲು ಓಡಬೇಕೋ, ಮೊಣಕಾಲೂರಬೇಕೋ, ಮಂಚದ ಕೆಳಗೆ ನುಗ್ಗಬೇಕೋ ಅವಳ ಮುಖ ನೋಡಿ ತಿಳಿದುಕೊಳ್ಳಬೇಕಿತ್ತು. ಅವಳ ಮುಖವೋ ಮೂವರಿಗೂ ಒಂದೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಶುರುವಾಗುತ್ತಿತ್ತು. ಒದರುತ್ತಿದ್ದ ಕಪ್ಪೆಗಳು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಿದ್ದವು. ಜೀರುಂಡೆಯೂ ನಿಲ್ಲುತ್ತಿತ್ತು. ನಾಯಿ ಬೊಗಳದೆ, ಬಾಲ ಒಳಗೆ ಸಿಕ್ಕಿಸಿಕೊಂಡು ಬಂದು ಮಂಚದ ಕೆಳಗೆ ಮಲಗುತ್ತಿತ್ತು. ಅವ್ವ ರಾಗಿ ಮುದ್ದೆಯ ಕೋಲನ್ನು ಹಾಗೇ ಬಿಟ್ಟು ಎದ್ದು, ತಲೆ ಮೇಲೆ ಸೆರಗು ಎಳೆದು, ಹಣೆಗೂ ಎದೆಗೂ ಶಿಲುಬೆಯ ಗುರುತು ಹಾಕಿ ನಿಲ್ಲುತ್ತಿದ್ದಳು. ನಾನು ಅವಳ ಸೀರೆ ಹಿಡಿದುಕೊಂಡು ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಕಪ್ಪೆ ಒದರುತ್ತಿತ್ತು, ಆಮೇಲೆ ಎಲ್ಲವೂ. ಅವ್ವ ಕೂತು ಮತ್ತೆ ಮುದ್ದೆ ತಿರುವುತ್ತಿದ್ದಳು.

ಬೆಳಿಗ್ಗೆ ಎದ್ದು ನಾನು ಮೊದಲು ಅಂಗಳ ನೋಡುತ್ತಿದ್ದೆ. ಕೆಲವು ದಿನ ಹೊಲದಂಚಿನಲ್ಲಿ ಲದ್ದಿ, ಮೊರದಗಲದ ಹೆಜ್ಜೆ, ಮುರಿದ ಜೋಳದ ದಂಟು. ಇನ್ನು ಕೆಲವು ದಿನ ಏನೂ ಇರುತ್ತಿರಲಿಲ್ಲ. ಒಮ್ಮೆ ಕೇಳಿದೆ:

"ನೆನ್ನೆ ಯಾರೂ ಬಂದೇ ಇಲ್ವಲ್ಲವ್ವ?"

"ಬಂದಿದ್ರು."

"ಮತ್ತೆ ಎಜ್ಜೆ ಎಲ್ಲಿ?"

"ಎಲ್ಲಾರ ಎಜ್ಜೇನೂ ಮೂಡಕಿಲ್ಲ ಕಣ ಮಗ," ಎಂದು ಅವ್ವ ಪೊರಕೆ ಎತ್ತಿಕೊಂಡಳು.

ಅವತ್ತಿನಿಂದ ಹೆಜ್ಜೆ ಇಲ್ಲದ ದಿನಗಳಿಗೇ ನಾನು ಹೆಚ್ಚು ಹೆದರಿದೆ. ಕಾಡಿನ ಸಾಮಿಯಾದರೆ ಡಬ್ಬ ಬಡಿಯಬಹುದು, ಪಟಾಕಿ ಹಚ್ಚಬಹುದು, ಊರವರನ್ನು ಕೂಗಬಹುದು. ಇನ್ನೊಬ್ಬರು ಬಂದು ನಿಂತರೆ ಯಾರನ್ನು ಕೂಗುವುದು?

ನಮ್ಮ ಪೂಜೆ, ಜಪ ಎಲ್ಲ ತಮಿಳಿನಲ್ಲಿ. ಪಾದ್ರಿಗಳು ನಮ್ಮ ಬೆಟ್ಟದ ಕೆಳಗಿನ ತಮಿಳು ಬಯಲು ಸೀಮೆಯಿಂದ ಬರುತ್ತಿದ್ದರು. ಅವ್ವ ತಮಿಳಿನಲ್ಲಿ ಜಪ ಮಾಡಿ ಕನ್ನಡದಲ್ಲಿ ದೇವರ ಜೊತೆ ಜಗಳ ಆಡುತ್ತಿದ್ದಳು. ನಾನಿನ್ನೂ ಶಾಲೆಗೆ ಸೇರಿರಲಿಲ್ಲ, ತಮಿಳು ಅರ್ಧಂಬರ್ಧ. ಚರ್ಚಿನ ಜ್ಞಾನೋಪದೇಶದ ಕ್ಲಾಸಿನಲ್ಲಿ ಮುದುಕ ಪಾದ್ರಿಯೊಬ್ಬರು ನನ್ನನ್ನು ಎಬ್ಬಿಸಿ ಕೇಳಿದರು: "ಸಾಮಿ ಎಂಗೆ ಇರುಕ್ಕಾರು?"

ತಮಿಳಿನಲ್ಲಿ ಎಂಗೆ ಅಂದರೆ ಎಲ್ಲಿ. ದೇವರು ಎಲ್ಲಿದ್ದಾರೆ ಎಂದು ಅವರು ಕೇಳಿದ್ದು. ನಮ್ಮ ಮನೆ ಮಾತಿನಲ್ಲಿ ಎಂಗೆ ಅಂದರೆ ಹೇಗೆ. ಹೇಗಿದ್ದಾರೆ ಎಂದು ನನಗೆ ಕೇಳಿಸಿತು. ಇದು ನನಗೆ ಗೊತ್ತಿದ್ದ ಪ್ರಶ್ನೆಯೇ. ಕೈ ಕಟ್ಟಿ ನಿಂತು ಜೋರಾಗಿ ಹೇಳಿದೆ: "ಕಪ್ಪುಗವ್ರೆ. ಬೋ ದಪ್ಪ. ಮನೆ ತಾವ ಬಂದು ಸದ್ದೇ ಮಾಡ್ದಂಗೆ ನಿಂತ್ಕತಾರೆ."

ದೊಡ್ಡ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪಾದ್ರಿಗಳಿಗೆ ಒಬ್ಬಳು ತಮಿಳಿನಲ್ಲಿ ಬಿಡಿಸಿ ಹೇಳಿದಾಗ ಅವರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಅವರ ನಗು ನಿಂತಿತು. ನೀನು ನೋಡಿದ್ದೀಯಾ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದು ತಲೆ ಆಡಿಸಿದೆ. ಸರಿಯಾದ ಉತ್ತರವನ್ನು ಅವರೇ ಹೇಳಿಕೊಟ್ಟರು: ಸಾಮಿ ಎಲ್ಲ ಕಡೆಯೂ ಇದ್ದಾರೆ, ಅವರಿಲ್ಲದ ಜಾಗವೇ ಇಲ್ಲ. ಮಿಕ್ಕ ಮಕ್ಕಳು ಅದನ್ನು ಸಲೀಸಾಗಿ ಬಾಯಿಪಾಠ ಮಾಡಿದರು. ನಾನು ಮಾತ್ರ ಎಷ್ಟೋ ದಿನ ನೀರಿಗೆ ಒಬ್ಬಳೇ ಹೋಗಲಿಲ್ಲ.

ಆ ಪಾದ್ರಿ ತೀರಿಹೋದರು. ನಾನು ದೊಡ್ಡವಳಾದೆ, ಹೊಲಿಗೆ ಕಲಿತೆ, ತಮಿಳು ನೀರು ಕುಡಿದಷ್ಟು ಸುಲಭವಾಯಿತು, ಮದುವೆ ಕೂಡಿ ಬರಲಿಲ್ಲ. ಬಂದ ಒಂದೆರಡು ಸಂಬಂಧಗಳನ್ನು ನನ್ನ ಬಾಯಿಯೇ ಓಡಿಸಿತು ಎಂದು ಅವ್ವ ಕೊನೆಯವರೆಗೂ ಆಡಿಕೊಂಡಳು. ನಾವಿಬ್ಬರೇ ಇದ್ದೆವು. ಕಪ್ಪೆಗಳು ಸುಮ್ಮನಾದಾಗ ಅವಳು ಎದ್ದು ನಿಲ್ಲುತ್ತಿದ್ದಳು, ನಾನು ಹೊಲಿಗೆ ಮಿಷನ್ನಿನ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸುತ್ತಿದ್ದೆ. ಯಾವ ಸಾಮಿ ಎಂದು ನಾನು ಕೇಳುವುದನ್ನು ಬಿಟ್ಟಿದ್ದೆ.

ಈಚೆಗೆ, ಒಂದು ದೀಪಾವಳಿ ಕಳೆದ ಮೇಲೆ ಬಂದ ಮಳೆಯಲ್ಲಿ ಅವ್ವ ಮಲಗಿದಳು. ಹೊಟ್ಟೆಯೊಳಗಿನ ಗಡ್ಡೆ. ಚಾಮರಾಜನಗರದ ಆಸ್ಪತ್ರೆಯಲ್ಲಿ ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಗಂಜಿಯೂ ಸೇರದಂತಾಯಿತು. ಅವಳು ಸಾವಿಗೆ ಹೆದರಲಿಲ್ಲ. ಅವಳಿಗಿದ್ದ ಹೆದರಿಕೆ ಒಂದೇ, ಪಾದ್ರಿಗಳು ಕೊಡುವ ಪರಮಪ್ರಸಾದದ ರೊಟ್ಟಿ ಕೊನೆಯ ಸಲ ನಾಲಿಗೆಯ ಮೇಲೆ ಬೀಳದೆ ಹೋಗಿಬಿಡುತ್ತೇನೋ ಎಂದು. ನಮ್ಮ ಕಡೆ ಅದನ್ನು ತಮಿಳಿನಂತೆ ನನ್ಮೆ ಅನ್ನುತ್ತಾರೆ, ಒಳ್ಳೆಯದು ಎಂದು ಅರ್ಥ. "ನನ್ಮೆ ತಕಂಡೇ ಓಗೋದು ನಾನು. ಬರೀ ಬಾಯಲ್ಲಿ ಕಳಿಸ್ಬುಟ್ಟೀಯ ಕಣವ್ವ," ಎಂದು ನನ್ನ ಕೈ ಹಿಡಿದು ಅತ್ತಳು. ಅವ್ವ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗಿನ ಪಾದ್ರಿ ಚಿಕ್ಕ ವಯಸ್ಸಿನವರು, ಬಯಲಿನವರು, ಬೆಟ್ಟಕ್ಕೆ ಹೊಸಬರು. ನಾನು ಅವರನ್ನು ಸಾಮಿ ಅನ್ನುವುದಿಲ್ಲ, ಫಾದರ್ ಅನ್ನುತ್ತೇನೆ. ಫೋನು ಮಾಡಿದಾಗ ನಾಳೆ ಹೊತ್ತು ಮುಳುಗುವ ಮೊದಲು ಬೈಕಿನಲ್ಲಿ ಬಂದುಬಿಡುತ್ತೇನೆ ಎಂದರು. ಅವ್ವನಿಗೆ ಹೇಳಿದೆ. ಮುಖ ತೊಳೆಸಿಕೊಂಡಳು, ತಲೆ ಬಾಚಿಸಿಕೊಂಡಳು, ಬಿಳಿ ಸೀರೆ ಉಡಿಸಲು ಹೇಳಿದಳು. ಮಾರನೆಯ ದಿನವೆಲ್ಲ ಬಾಗಿಲಿನ ಕಡೆಗೇ ಕಣ್ಣು.

ಮಧ್ಯಾಹ್ನ ಮಳೆ ಸುರಿದು ನಿಂತಿತು. ಆಮೇಲೆ ಮಂಜು ಇಳಿಯಿತು. ಕರೆಂಟು ಹೋಯಿತು, ಅದರ ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಯಿತು. ನಾನು ಬಾಗಿಲು ಹಾಕಿ ಅಗಳಿ ಜಡಿದು ಅವ್ವನ ತಲೆಯ ಹತ್ತಿರ ಮೇಣದ ಬತ್ತಿ ಹಚ್ಚಿಟ್ಟೆ. ಹೊತ್ತು ಮುಳುಗುತ್ತಿತ್ತು. ಬೈಕಿನ ಸದ್ದಿಗೆ ಕಿವಿ ಕೊಟ್ಟು ಕೂತವಳಿಗೆ ಕೇಳಿಸುತ್ತಿದ್ದದ್ದು ಕಪ್ಪೆಗಳ ಗಲಾಟೆ ಒಂದೇ. ಆ ಗಲಾಟೆ ನಿಂತಿತು.

ನಾಯಿ ಎದ್ದು ಬಂದು ಮಂಚದ ಕೆಳಗೆ ತೂರಿತು. ಅದರ ಮೈ ನಡುಕಕ್ಕೆ ಮಂಚದ ಕಾಲು ಸಣ್ಣಗೆ ಕಟಕಟ ಎನ್ನುತ್ತಿತ್ತು. ಬೆಳಗಿನಿಂದ ಕಣ್ಣು ಮುಚ್ಚಿ ಬಿಡುತ್ತಿದ್ದ ಅವ್ವ ನಿಚ್ಚಳವಾಗಿ ಕಣ್ಣು ತೆರೆದಳು.

"ಸಾಮಿ ಬಂದವ್ರೆ. ಬಾಗ್ಲ ತಗಿ."

"ಯಾವ ಸಾಮಿಯವ್ವ?" ಎಂದೆ. ಎಷ್ಟೋ ವರ್ಷಗಳ ಮೇಲೆ ಕೇಳಿದ್ದು. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಬಾಗ್ಲ ತಗಿ ಮಗ. ಕಾಯಿಸ್ಬಾರ್ದು."

ಬೈಕಿನ ಸದ್ದು ಬಂದಿರಲಿಲ್ಲ. ಮಳೆಗೆ ಬೈಕು ಕೆಟ್ಟು ಫಾದರ್ ನಡೆದುಕೊಂಡೇ ಬಂದಿರಬಹುದು. ಅಗಳಿಯ ಹತ್ತಿರ ಹೋಗಿ, "ಫಾದರ್, ನೀವಾ?" ಎಂದು ತಮಿಳಿನಲ್ಲಿ ಕೂಗಿದೆ. ಬಾಗಿಲಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಹಲಗೆ ಮಾತ್ರ ಬೆಚ್ಚಗಿದ್ದಂತೆ ಅನ್ನಿಸಿತು. ಆ ಚಳಿಯಲ್ಲಿ ಹಲಗೆ ಬೆಚ್ಚಗಿರುವುದೆಂದರೇನು ಎಂದು ಯೋಚಿಸುವಷ್ಟು ಬುದ್ಧಿ ನನಗೆ ಉಳಿದಿರಲಿಲ್ಲ.

"ಸಾಮಿನ ಯಾರು ಅಂತ ಕೇಳ್ತಾರಾ?" ಹಿಂದಿನಿಂದ ಅವ್ವ ಅಂದಳು. ಅವಳಿಗೆ ಸಿಟ್ಟು ಬಂದಿತ್ತು. "ಬಂದವ್ರು ಇಂದಕ್ಕೆ ಓಗ್ಬುಡ್ತಾರೆ. ಆಮೇಲೆ ನಾನು ಎಂಗೆ ಓಗ್ಲಿ?"

ತೆರೆದರೆ ಇಬ್ಬರೂ ಸಾಯಬಹುದು ಎಂದು ನನಗೆ ಗೊತ್ತಿತ್ತು. ತೆರೆಯದಿದ್ದರೆ ಅವ್ವ ಬರೀ ಬಾಯಲ್ಲಿ ಹೋಗುತ್ತಾಳೆ. ನಾನು ತಲೆ ಮೇಲೆ ಸೆರಗು ಎಳೆದುಕೊಂಡೆ. ಅಗಳಿ ಸರಿಸಿ ಬಾಗಿಲನ್ನು ಪೂರ್ತಿ ತೆರೆದೆ.

ಹೊರಗೆ ಏನೂ ಇರಲಿಲ್ಲ. ಮಂಜು ಹೊಸ್ತಿಲವರೆಗೂ ಬಂದು ಗೋಡೆಯ ಹಾಗೆ ನಿಂತಿತ್ತು. ಮೇಣದ ಬತ್ತಿಯ ಬೆಳಕು ಹೊಸ್ತಿಲ ಕಲ್ಲಿನ ಆಚೆಗೆ ಹೋಗಲಿಲ್ಲ. ಮಂಜು ಬೆಳ್ಳಗಿರಬೇಕಿತ್ತು, ನನ್ನ ಮುಂದೆ ಮಾತ್ರ ಕಪ್ಪಾಗಿತ್ತು. ಯಾವಾಗಲೂ ಕಾಣುವ ನುಗ್ಗೆಮರವೂ ಕಾಣಲಿಲ್ಲ. ಕತ್ತಲಾಯಿತಲ್ಲ ಅಂದುಕೊಂಡೆ. ಅದನ್ನೇ ನೋಡುತ್ತಾ, ಅವ್ವನಿಗೆ ಕೇಳಿಸಲಿ ಎಂದು, "ಬನ್ನಿ ಸಾಮಿ. ಅವ್ವ ಕಾಯ್ತಾವ್ಳೆ," ಎಂದೆ.

ಬಿಸಿ ಗಾಳಿಯೊಂದು ನನ್ನ ಮುಖದ ಮೇಲೆ ಹಾಯಿತು. ಆಗತಾನೆ ಜಜ್ಜಿದ ಹಸಿ ಜೋಳದ ದಂಟಿನ ವಾಸನೆ. ಸೆರಗು ತಲೆಯಿಂದ ಜಾರಿತು. ಕಾಲು ಕದಲಿಸಲು ಆಗಲಿಲ್ಲ, ಬಾಗಿಲು ಮುಚ್ಚಲೂ ಆಗಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ಆ ಹೊತ್ತು ನನಗೆ ಹೆದರಿಕೆ ಇರಲಿಲ್ಲ. ಹೆದರಿಕೆಗಿಂತ ದೊಡ್ಡದು ಏನೋ ಇತ್ತು, ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಹಿಂದೆ ತಿರುಗಿ ನೋಡಿದೆ. ಅವ್ವ ಕೈ ಮುಗಿದು, ಕಣ್ಣು ಮುಚ್ಚಿ, ಪೂಜೆಯಲ್ಲಿ ಚಾಚುವಂತೆ ನಾಲಿಗೆ ಚಾಚಿದ್ದಳು. ಆಮೇಲೆ ಬಾಯಿ ಮುಚ್ಚಿ, ನುಂಗಿ, "ಆಮೆನ್" ಅಂದಳು.

ಎಲ್ಲೋ ಒಂದು ಕಪ್ಪೆ ಒದರಿತು. ಆಮೇಲೆ ಎಲ್ಲವೂ ಒದರಿದವು. ನಾನು ಬಾಗಿಲು ಮುಚ್ಚಿ ಅಗಳಿ ಹಾಕಿದೆ.

ಅವ್ವ ಆಮೇಲೆ ಮಾತಾಡಲಿಲ್ಲ. ಹಸಿದ ಮಗುವಿಗೆ ಹೊಟ್ಟೆ ತುಂಬಿದಂತೆ ನಿದ್ದೆ ಹೋದಳು. ಕೋಳಿ ಕೂಗುವ ಹೊತ್ತಿಗೆ ಅವಳ ಉಸಿರು ನಿಂತಿತ್ತು. ಕಣ್ಣು ಮುಚ್ಚುವ ಕೆಲಸವೂ ನನಗಿರಲಿಲ್ಲ.

ನೆರೆಯವರನ್ನು ಕೂಗಲು ಬಾಗಿಲು ತೆರೆದೆ. ಮಂಜು ಹರಿದಿತ್ತು, ನುಗ್ಗೆಮರ ಎಂದಿನಂತೆ ನಿಂತಿತ್ತು. ಹೊಸ್ತಿಲ ಕಲ್ಲಿಗೆ ತಾಗಿಕೊಂಡೇ, ಹಸಿ ಮಣ್ಣಿನಲ್ಲಿ, ಪಕ್ಕಪಕ್ಕದಲ್ಲಿ ಎರಡು ಹೆಜ್ಜೆ. ಮೊರದಗಲದವು. ಉಗುರಿನ ಗುರುತು ಮನೆಯ ಕಡೆಗೇ ಇತ್ತು. ಮಾಡಿನ ಒಂದು ಹೆಂಚೂ ಅಲುಗಿರಲಿಲ್ಲ. ಏನೂ ಇಲ್ಲ ಎಂದು ನಾನು ನೋಡುತ್ತಾ ನಿಂತಿದ್ದಾಗ, ಬನ್ನಿ ಎಂದು ಕರೆದಾಗ, ಅದು ನನ್ನ ಮುಖದಿಂದ ಒಂದು ಕೈಯಳತೆಯ ದೂರದಲ್ಲಿತ್ತು. ನಾನು ಹೊಸ್ತಿಲ ಮೇಲೆ ಕೂತೆ. ಏನೂ ಇಲ್ಲ ಅಂದುಕೊಂಡ ಮಿಕ್ಕ ದಿನಗಳೆಲ್ಲ ಆಗ ನೆನಪಾದವು.

ನಾನಿನ್ನೂ ಕೂತಿದ್ದಾಗಲೇ ಫಾದರ್ ನಡೆದುಕೊಂಡು ಬಂದರು. ಪ್ಯಾಂಟೆಲ್ಲ ಕೆಸರು. ದಾರಿಯಲ್ಲಿ ಆನೆ ಇದೆ ಎಂದು ಫಾರೆಸ್ಟಿನವರು ಸಂಜೆ ಎಲ್ಲ ಗಾಡಿಗಳನ್ನೂ ತಡೆದಿದ್ದರಂತೆ, ಬೆಳಕು ಹರಿದ ಮೇಲೆ ಬಿಟ್ಟರಂತೆ. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. ಕುತ್ತಿಗೆಗೆ ತೂಗುಹಾಕಿಕೊಂಡಿದ್ದ ಪ್ರಸಾದದ ಪುಟ್ಟ ಡಬ್ಬಿಯನ್ನು ಹಿಡಿದುಕೊಂಡು ಕಣ್ಣು ತುಂಬಿಕೊಂಡರು. ತಡವಾಯಿತಮ್ಮ, ಕ್ಷಮಿಸಿ ಎಂದರು.

"ಇಲ್ಲ ಫಾದರ್," ಎಂದೆ. "ಸಾಮಿ ಬಂದಿದ್ರು. ಅವ್ವ ನನ್ಮೆ ತಕಂಡೇ ಓದ್ಲು."

ಬೇರೆ ಯಾರೋ ಪಾದ್ರಿ ಬಂದಿದ್ದಾರೆ ಎಂದು ತಿಳಿದು ಅವರ ಮುಖ ಅರಳಿತು. ಸುತ್ತ ನೋಡಿದರು.

"ಸಾಮಿಯಾ? ಎಂಗೆ?"

ಎಲ್ಲಿ ಎಂದು ಅವರು ಕೇಳಿದ್ದು. ತಮಿಳು ನನಗೆ ಬಾರದ್ದೇನಲ್ಲ. ಆದರೂ ಆ ಬೆಳಿಗ್ಗೆ ನನ್ನ ಕಿವಿಗೆ ಬಿದ್ದದ್ದು ನಮ್ಮ ಮನೆಯ ಮಾತೇ. ನಾನು ಹೊಸ್ತಿಲ ಮುಂದಿನ ಮಣ್ಣಿಗೆ ಕೈ ತೋರಿಸಿದೆ.

"ಕಾಣ್ನಿಲ್ಲ ಫಾದರ್. ಸದ್ದೇ ಮಾಡ್ನಿಲ್ಲ. ಉಸ್ರು ಬೆಚ್ಚಗಿತ್ತು."

ಫಾದರ್ ಬಗ್ಗಿ ಆ ಹೆಜ್ಜೆಗಳನ್ನು ನೋಡಿದರು. ಆಮೇಲೆ ಚಪ್ಪಲಿ ಕಳಚಿ, ಅವುಗಳನ್ನು ತುಳಿಯದಂತೆ ಬಳಸಿಕೊಂಡು ಒಳಗೆ ಬಂದರು.