ಅಮೀನಾಬಿ ಹಾಕಿದ ಮುಷ್ಟಿ ಜ್ವಾಳ

ಗುಳೇದಗುಡ್ಡದಾಗ ಆಗ ಮನಿಗೊಂದು ಧರ್ಮದ ಗಡಿಗಿ. ನೇಕಾರರು ಮಗ್ಗಕ್ಕ ಕೂಡ್ರೂ ಮುಂಚೆ ಅದಕ್ಕ ಒಂದು ಮುಷ್ಟಿ ಜ್ವಾಳ ಹಾಕ್ತಿದ್ರು. ಅದನ್ನ ಚೀಲದಾಗ ಕೂಡಿಸಿ, ಪಂಚರು ಹೇಳಿದ ಬಡವರಿಗೆ ಮುಟ್ಟಿಸೂದು ನನ್ನ ಕೆಲಸ. ಮುಂದ ಯಾರಿಗೆ ಮುಟ್ಟಿಸಬೇಕಂತ ಜ್ವಾಳ ಕೊಟ್ಟವರು ಪಂಚರಿಗೆ ಹೆಸರು ಹೇಳಬಹುದಿತ್ತು; ಇಸ್ಗೊಂಡವರು ಹೇಳೂಹಂಗಿರಲಿಲ್ಲ.

ಗಿರಣಿಯ ಅಗ್ಗದ ಅರಿವಿ ಪ್ಯಾಟಿಗೆ ಬಂದು ಮುದುಕಿ ಅಮೀನಾಬಿಯ ಮಗ್ಗ ನಿಂತಿತ್ತು. ಪಂಚರು ಹೇಳಿದಂಗ ಆಕಿ ಮನಿಗೆ ಹೋಗಿ ಜ್ವಾಳ ಸುರುವಿದೆ. ಆಕಿ ಅದರಾಗಿಂದನ ಒಂದು ಮುಷ್ಟಿ ತಗದು ನನ್ನ ಚೀಲಕ್ಕ ಹಾಕಿದಳು.

"ಅವ್ವಾ, ಇದು ನಿಮಗ ಕೊಟ್ಟದ್ದರಿ," ಅಂದೆ.

"ಕೊಟ್ಟ ಮ್ಯಾಲೆ ನಂದ ಆತಲ್ಲಪಾ? ಮುಂದಿನ ಹೆಸರು ಬಾಜೂಮನಿ ಗಂಗವ್ವಂದು. ಆಕಿ ಒಲಿ ಹಚ್ಚಿ ಎರಡು ದಿನಾ ಆತು."

ಅಮೀನಾಬಿ ಕೊಟ್ಟಾಕಿಯೋ, ಇಸ್ಗೊಂಡಾಕಿಯೋ? ನನಗ ತಿಳೀಲಿಲ್ಲ. ಪಂಚರನ್ನ ಕೇಳಿದೆ. ಅವರಿಗೂ ತಿಳೀಲಿಲ್ಲ; ಸಂಜೀತನಕ ವಾದ ಮಾಡಿದ್ರು. ಅಷ್ಟರಾಗ ಅಮೀನಾಬಿ ಜ್ವಾಳ ಬೀಸಿ, ರೊಟ್ಟಿ ಬಡದು, ಗಂಗವ್ವನ್ನ ಉಣ್ಣಾಕ ಕರದಿದ್ದಳು.